ಹತ್ತು ಪುಸ್ತಕ ಯಾಕ್ರೀ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: 'ಸಣ್ಣದೊಂದು ಹಾರ್ಡ್‌ವೇರ್ ಅಂಗಡಿ ಶುರು ಮಾಡಿದ್ದೇನೆ. ವ್ಯಾಪಾರ, ಹಣಕಾಸು, ನಾಯಕತ್ವ ಕಲಿಸುವ ಹತ್ತು ಪುಸ್ತಕ ಹೇಳಿ. ಕಿಯೋಸಾಕಿಯವರ "ರಿಚ್ ಡ್ಯಾಡ್ ಪೂರ್ ಡ್ಯಾಡ್" ಓದಿ ಮೈ ಜುಮ್ಮೆಂದಿತು. ಅಂಥವೇ ಬೇಕು.'

ಉತ್ತರ: ಗಲ್ಲಾಪೆಟ್ಟಿಗೆ ಮುಂದೆ ಕೂತು ಪುಸ್ತಕ ಕೇಳುವವರು ಅಪರೂಪ. ನಿಮ್ಮ ಪತ್ರ ನೋಡಿ ಖುಷಿಯಾಯಿತು. ಆದರೆ ಹತ್ತು ಯಾಕೆ?

ಕಿಯೋಸಾಕಿಯನ್ನು ಪೂರ್ತಿ ತಳ್ಳಿಹಾಕಲ್ಲ. ಜೇಬಿಗೆ ದುಡ್ಡು ತರುವುದೇ ಆಸ್ತಿ, ಜೇಬಿನಿಂದ ಕೀಳುವುದು ಹೊರೆ ಎಂಬ ಮಾತು ಸಾಲ ಮಾಡಿ ದೊಡ್ಡ ಕಾರು ತರುವವರ ಕಿವಿಗೆ ಬೀಳಲಿ. ಅದಕ್ಕೆ ಒಂದು ಪುಟ ಸಾಕಿತ್ತು. ಮೈ ಜುಮ್ಮೆಂದದ್ದರಿಂದ ಸಿಮೆಂಟ್ ಡೀಲರ್‌ಗೆ ಕೊಡಬೇಕಾದ ಬಾಕಿ ಎಷ್ಟು ಇಳಿಯಿತು, ಒಮ್ಮೆ ಲೆಕ್ಕ ಹಾಕಿ ನೋಡಿ.

ನನಗೆ ಮಾಡಿ, ಸೋತು, ಮತ್ತೆ ಮಾಡಿದವರ ಕಥೆ ಬೇಕು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ 'ಸಿಂಪ್ಲಿ ಫ್ಲೈ' ಓದಿ. ಮನೆತನದ ಜಮೀನು ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿತು. ಸೈನ್ಯ ಬಿಟ್ಟು ಬಂದವರು ಪರಿಹಾರವಾಗಿ ಸಿಕ್ಕ ಬರಡು ನೆಲದಲ್ಲಿ ಟೆಂಟ್ ಹಾಕಿಕೊಂಡು ಕೂತರು. ಹಸು ಸಾಕಿದರು, ಕೋಳಿ ಸಾಕಿದರು, ರೇಷ್ಮೆ ಬೆಳೆದರು. ಬೈಕ್ ಮಾರಿದರು, ಉಡುಪಿ ಹೋಟೆಲ್ಲೂ ನಡೆಸಿದರು! 2003ರಲ್ಲಿ ಏರ್ ಡೆಕ್ಕನ್ ವಿಮಾನ ಹಾರಿಸಿ, ಒಂದು ರೂಪಾಯಿಗೂ ಟಿಕೆಟ್ ಕೊಟ್ಟರು. ಕೊನೆಗೆ ಕಂಪನಿ ವಿಜಯ್ ಮಲ್ಯ ಕೈಗೆ ಹೋಯಿತು. ಅಗ್ಗದ ಟಿಕೆಟ್‌ಗೆ ಜನ ಮುಗಿಬಿದ್ದರೂ ಕಂಪನಿ ನಷ್ಟದಲ್ಲೇ ಇತ್ತು. ಕಡಿಮೆ ರೇಟಿಗೆ ಗಿರಾಕಿ ಹಿಡಿಯಬೇಕು ಅಂತ ಆಸೆಪಡುವ ಹೊಸ ಅಂಗಡಿಯವರು ಈ ಭಾಗವನ್ನು ಎರಡು ಸಲ ಓದಬೇಕು.

ನಾಯಕತ್ವಕ್ಕೆ ಅಮುಲ್ ಕಟ್ಟಿದ ವರ್ಗೀಸ್ ಕುರಿಯನ್ ಅವರ ಆತ್ಮಕಥೆ 'ಐ ಟೂ ಹ್ಯಾಡ್ ಎ ಡ್ರೀಮ್'. 1949ರಲ್ಲಿ ಅವರು ಗುಜರಾತಿನ ಆಣಂದ್‌ಗೆ ಬಂದದ್ದು ಒಲ್ಲದ ಮನಸ್ಸಿನಿಂದ. ಉಳಿದದ್ದು ಗ್ಯಾರೇಜಿನಲ್ಲಿ. ಎಮ್ಮೆ ಹಾಲಿನಿಂದ ಪೌಡರ್ ಆಗಲ್ಲ ಎಂದು ಪರದೇಶದ ತಜ್ಞರು ಹೇಳಿದಾಗ ಗೆಳೆಯ ದಲಾಯ ಮಾಡಿ ತೋರಿಸಿದರು. ರೈತರನ್ನು ಒಗ್ಗೂಡಿಸಿದ್ದು ತ್ರಿಭುವನದಾಸ್ ಪಟೇಲ್. ಅಂದಹಾಗೆ, ಕುರಿಯನ್ ಸ್ವತಃ ಹಾಲು ಕುಡಿಯುತ್ತಿರಲಿಲ್ಲ.

ಷೇರಿಗೆ ಕೈ ಹಾಕುವ ಮುಂಚೆ ಬೆಂಜಮಿನ್ ಗ್ರಹಾಂ 1949ರಲ್ಲಿ ಬರೆದ 'ದಿ ಇಂಟೆಲಿಜೆಂಟ್ ಇನ್ವೆಸ್ಟರ್' ಓದಿ. ಜುಮ್ಮೆನ್ನಲ್ಲ, ಆಕಳಿಕೆ ಬರುತ್ತದೆ. ಆದರೂ ಓದಿ. ಅಷ್ಟೇ, ಮೂರು.

ಈಗ ನನ್ನ ಹೊಟ್ಟೆಯುರಿ ಕೇಳಿ. ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಕೋಟ್ಯಧಿಪತಿಯಾಗುವ ಸೂತ್ರಗಳು ಸಾಲಾಗಿ ನಿಂತಿರುತ್ತವೆ, ಹೆಚ್ಚಿನವು ಇಂಗ್ಲಿಷಿನಿಂದ ಇಳಿಸಿದವು. 1928ರಲ್ಲಿ ನಮ್ಮ ಉಡುಪಿಯಲ್ಲೇ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ದಿನಕ್ಕೆ ಎರಡಾಣೆ ಕಟ್ಟುವ ಪಿಗ್ಮಿ ಉಳಿತಾಯ ಶುರು ಮಾಡಿತು. ಏಜೆಂಟರು ಮನೆ ಮನೆಗೆ ಹೋಗಿ ಕೂಲಿಯವರ, ಮೀನು ಮಾರುವವರ ಚಿಲ್ಲರೆ ಕೂಡಿಸಿದರು. ಇದು ಹಣಕಾಸಿನ ಪಾಠ ಅಲ್ವಾ? ಆ ಅಂಗಡಿಯಲ್ಲಿ ಪಿಗ್ಮಿ ಕಥೆ ಕೇಳಿದೆ. ಹುಡುಗ ನನ್ನ ಮುಖ ನೋಡಿ, 'ಮಕ್ಕಳ ಪುಸ್ತಕ ಆ ಕಡೆ ಸಾರ್' ಅಂದ.

ಪಿಗ್ಮಿ ಕಟ್ಟಿಸಿಕೊಂಡು ಓಣಿ ಓಣಿ ತಿರುಗಿದ ನಿವೃತ್ತ ಏಜೆಂಟರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಬರೆದು ಕಳಿಸಿ. ಕೈಬರಹವಾದರೂ ಸರಿ. ಪುಟ ಕೊಡುವುದು ನನ್ನ ಜವಾಬ್ದಾರಿ. ಯಶಸ್ಸಿನ ಸೂತ್ರ ಮಾತ್ರ ಸೇರಿಸಬೇಡಿ.

- ಸಂ.