ಸ್ಕ್ಯಾನ್ ನಾರ್ಮಲ್ ಬಂದ್ರೂ ಆಟ ಬಿಡಬೇಕಾದ ಹುಡುಗ

ಹೆಸರು, ಊರು, ಆಡ್ತಿದ್ದ ತಂಡ ಯಾವುದೂ ಇಲ್ಲಿ ಬರಲ್ಲ, ಗುರುತು ಸಿಗೋ ಅಂಥ ಒಂದಷ್ಟು ವಿವರ ಬದಲಾಯಿಸಿದೀನಿ, ಅವನೂ ಅವನ ಮನೆಯವರೂ ಒಪ್ಪಿದ ಮೇಲೇ ಬರೀತಿರೋದು. ಹುಡುಗನಿಗೆ 23 ವರ್ಷ, ತೆಂಗಿನ ಸೀಮೆ ಕಡೆಯವನು, ಕಬಡ್ಡಿಯಲ್ಲಿ ಕವರ್ ಡಿಫೆಂಡರ್, ಅಂದ್ರೆ ನುಗ್ಗಿ ಬರೋ ಎದುರಾಳಿ ರೈಡರನ್ನ ಹಿಡಿಯೋನು. ಹೈಸ್ಕೂಲಿಂದ ಆಡ್ತಿದ್ದಾನೆ, ಯೂನಿವರ್ಸಿಟಿ ಟೀಮಲ್ಲಿ ಆಡಿದಾನೆ, ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಗುತ್ತೆ ಅಂತ ಇಡೀ ಮನೆ ಕಾಯ್ತಾ ಕೂತಿತ್ತು.

ಆಪ್ತಸಲಹೆಗೆ ಅಂತ ನನ್ನ ಹತ್ರ ಬಂದ ಮೊದಲ ದಿನ ಜೊತೆಗೆ ಸೋದರಮಾವ ಬಂದಿದ್ರು. ಹುಡುಗ ಒಳಗೆ ಬಂದವನೇ ಕ್ಯಾಪ್ ಕಣ್ಣಿನ ತನಕ ಎಳ್ಕೊಂಡು ಗೋಡೆ ಕಡೆ ಮುಖ ಮಾಡಿ ಕೂತ. "ನೋಡಿ ಮೇಡಂ, ಮನೇಲೂ ಹಿಂಗೇ, ಯಾರ ಮುಖಾನೂ ನೋಡಲ್ಲ, ಮಾತಾಡ್ಸಿದ್ರೆ ಸಿಡುಕ್ತಾನೆ" ಅಂದ್ರು ಮಾವ. ನಂಗೂ ಮೊದಲು ಡಿಪ್ರೆಶನ್ ಅಂತಲೇ ಅನ್ನಿಸ್ತು, ಆಮೇಲೆ ಗಮನಿಸಿದ್ರೆ ಅವನು ತಪ್ಪಿಸ್ಕೊಳ್ತಿದ್ದಿದ್ದು ನನ್ನ ಮುಖಾನಲ್ಲ, ನನ್ನ ಹಿಂದೆ ಗೋಡೆ ಮೇಲಿದ್ದ ಟ್ಯೂಬ್‌ಲೈಟ್‌ನ. ಎದ್ದು ಆರಿಸಿದೆ, ಕಿಟಕಿ ಬೆಳಕಲ್ಲೇ ಮಾತಾಡಿದ್ವಿ, ಐದು ನಿಮಿಷಕ್ಕೆ ಕ್ಯಾಪ್ ತೆಗೆದ. ಅಷ್ಟು ದಿನದಿಂದ ಮನೇಲಿ ಯಾರಿಗೂ ಅವನು ಲೈಟ್ ಆರಿಸಿ ಅಂತ ಕೇಳಿರಲಿಲ್ಲ, ಕೇಳಿದ್ರೆ ನಾಟಕ ಅಂತಾರೆ ಅಂತ.

14 ತಿಂಗಳಲ್ಲಿ 3 ಕನ್ಕಶನ್, ಅಂದ್ರೆ ತಲೆಗೆ ಪೆಟ್ಟು ಬಿದ್ದು ಮಿದುಳು ಕುಲುಕಿ ಅದರ ಕೆಲಸ ಏರುಪೇರಾಗೋದು. ಮೊದಲನೇದು ರೈಡರ್‌ನ ಮೊಣಕಾಲು ಕಿವಿ ಹಿಂದೆ ಬಡಿದಿದ್ದು. ಎರಡನೇದು ಪಕ್ಕದವನ ಕೈ ಹಿಡ್ಕೊಂಡು ಚೈನ್ ಆಗಿ ನುಗ್ಗುವಾಗ ತನ್ನದೇ ಟೀಮಿನವನ ತಲೆಗೆ ತಲೆ ತಾಗಿದ್ದು. ಮೂರನೇದು ಅಂತೂ ಪ್ರಾಕ್ಟೀಸಲ್ಲಿ, ಅಂಥ ಜೋರು ಪೆಟ್ಟೂ ಅಲ್ಲ, ಮ್ಯಾಟ್ ಮೇಲೆ ಹಿಂದಕ್ಕೆ ಕೂತ ಹಾಗೆ ಬಿದ್ದಿದ್ದು ಅಷ್ಟೆ, ಎರಡು ಸಲ ವಾಂತಿ ಆಯ್ತು, ಅಮ್ಮನ ಫೋನ್ ನಂಬರ್ ನೆನಪಿಗೆ ಬರಲಿಲ್ಲ, ತಲೆನೋವು ನಾಲ್ಕು ತಿಂಗಳಾದ್ರೂ ಹೋಗಲಿಲ್ಲ. ದೊಡ್ಡೋರಲ್ಲಿ ಜಾಸ್ತಿ ಜನ ಎರಡರಿಂದ ನಾಲ್ಕು ವಾರದಲ್ಲಿ ಸುಧಾರಿಸ್ಕೊಳ್ತಾರೆ, ಇವನಿಗೆ ಸಲದಿಂದ ಸಲಕ್ಕೆ ಕಮ್ಮಿ ಪೆಟ್ಟಿಗೇ ಜಾಸ್ತಿ ತೊಂದರೆ ಆಗ್ತಿತ್ತು, ಅದನ್ನ ನೋಡಿಯೇ ನ್ಯೂರಾಲಜಿಸ್ಟ್ ಇನ್ನು ಮೈಮುಟ್ಟೋ ಆಟ ಯಾವುದೂ ಬೇಡ ಅಂತ ಬರೆದುಕೊಟ್ಟಿದ್ದು. ಅಂದ್ರೆ ನನ್ನ ಹತ್ರ ಬರೋ ಹೊತ್ತಿಗೆ ವೈದ್ಯಕೀಯ ತೀರ್ಮಾನ ಆಗಿಹೋಗಿತ್ತು. ಆ ಚೀಟಿಯನ್ನ ಅವನೂ ಮನೆಯವರೂ ಇನ್ನೂ ನಂಬಿರಲಿಲ್ಲ ಅಷ್ಟೆ.

ಎರಡನೇ ಭೇಟಿಯಲ್ಲಿ ಫೋನ್ ತೆಗೆದು "ಮೇಡಂ ಒಂದು ವಿಡಿಯೋ ತೋರಿಸ್ಲಾ" ಅಂದ. ಹೊನಲು ಬೆಳಕಿನ ಪಂದ್ಯಾವಳಿ, ಮೊದಲನೇ ಪೆಟ್ಟಿನ ದಿನದ್ದು, ಯಾರೋ ಗ್ಯಾಲರಿಯಿಂದ ಮೊಬೈಲಲ್ಲಿ ತೆಗೆದಿದ್ದು. ದಿನಕ್ಕೆ ಎಷ್ಟು ಸಲ ನೋಡ್ತೀಯಪ್ಪ ಅಂದೆ, "ಲೆಕ್ಕ ಇಲ್ಲ, ರಾತ್ರಿ ನಿದ್ದೆ ಬರದಿದ್ರೆ ನೋಡ್ತಾನೇ ಇರ್ತೀನಿ" ಅಂದ. ಸೌಂಡ್ ತೆಗೆಸಿ ಇಬ್ಬರೂ ಒಂದೇ ಸಲ ನೋಡೋಣ ಅಂದೆ. ರೈಡರ್ ಬೋನಸ್‌ಗೆ ಕಾಲು ಹಾಕ್ತಾನೆ, ಕಾರ್ನರ್‌ನಲ್ಲಿರೋ ಹುಡುಗ ಅವನ ಪಾದದ ಗಿಣ್ಣು ಹಿಡೀತಾನೆ, ಇವನು ಕವರ್‌ನಿಂದ ನುಗ್ಗಿ ತೊಡೆಗೆ ಕೈ ಹಾಕೋ ಹೊತ್ತಿಗೆ ಮೊಣಕಾಲು ಮೇಲೆದ್ದು ತಲೆಗೆ ಬಡಿಯುತ್ತೆ. ಪಾಯಿಂಟ್ ಬಂತು, ಎಲ್ಲರೂ ಎದ್ರು. ಇವನೂ ಎದ್ದ, ಎದ್ದವನು ನಡುಗೆರೆ ದಾಟಿ ಸೀದಾ ಎದುರು ಟೀಮಿನವರ ಮಧ್ಯ ಹೋಗಿ ನಿಂತ. ಅವರಲ್ಲೊಬ್ಬ ನಗ್ತಾ ಇವನ ಎರಡೂ ಭುಜ ಹಿಡಿದು ತಿರುಗಿಸಿ ಈ ಕಡೆ ಕಳಿಸ್ತಾನೆ, ಗ್ಯಾಲರಿ ಪೂರ್ತಿ ನಗುತ್ತೆ, ಆಟ ಮುಂದುವರಿಯುತ್ತೆ.

ಇಷ್ಟು ತಿಂಗಳಿಂದ ಇವನು ಆ ವಿಡಿಯೋದಲ್ಲಿ ಹುಡುಕ್ತಿದ್ದಿದ್ದು ತನ್ನ ತಪ್ಪನ್ನ. "ಇಲ್ನೋಡಿ ಮೇಡಂ, ತಲೆ ಒಳಗಡೆ ಕೊಟ್ಬಿಟ್ಟೆ, ಹೊರಗಡೆ ಇಟ್ಕೊಂಡು ಹಿಡೀಬೇಕಿತ್ತು, ಹಿಡಿದಿದ್ರೆ ಇದ್ಯಾವುದೂ ಆಗ್ತಿರಲಿಲ್ಲ." ನಾನು ವಿಡಿಯೋನ ಅವನು ಎದುರು ಸಾಲಲ್ಲಿ ನಿಂತಿರೋ ಜಾಗಕ್ಕೆ ತಂದು ನಿಲ್ಲಿಸಿ, ನಂಗೆ ಹಿಡಿತ ಗಿಡಿತ ಗೊತ್ತಾಗಲ್ಲ, ಇಲ್ಲಿ ಏನಾಗ್ತಿದೆ ಹೇಳು ಅಂದೆ. ತುಂಬಾ ಹೊತ್ತು ಸುಮ್ಮನಿದ್ದ. "ಇದು ನಂಗೆ ನೆನಪೇ ಇಲ್ಲ ಮೇಡಂ" ಅಂದ. ಅದಾದ ಮೇಲೂ ಅವನು ಕೊನೇವರೆಗೂ ಆಡಿದಾನೆ, ಇನ್ನೊಂದು ಟ್ಯಾಕಲ್ ಮಾಡಿದಾನೆ, ಟೀಮ್ ಗೆದ್ದಿದೆ, ಕಪ್ ಅವರ ಮನೆ ಶೋಕೇಸಲ್ಲಿದೆ. ಗೆದ್ದಿದ್ದು ಅವನಿಗೆ ಬೇರೆಯವರು ಹೇಳಿ ಗೊತ್ತಿರೋದು. ಅವತ್ತು ಮೊದಲ ಸಲ ಅತ್ತ. ನಾನು ಸಮಾಧಾನ ಮಾಡೋಕೆ ಹೋಗಲಿಲ್ಲ, ನೀರಿಟ್ಟು ಸುಮ್ಮನೆ ಕೂತಿದ್ದೆ.

ಅವನಿಗೆ ಹೇಳಿದ್ದು ಇಷ್ಟು. ತಲೆಗೆ ಪೆಟ್ಟು ಬಿದ್ದು ದಿಕ್ಕು ತಪ್ಪಿದವನನ್ನ ತಕ್ಷಣ ಹೊರಗೆ ಕೂರಿಸ್ಬೇಕು, ಆವತ್ತು ಮತ್ತೆ ಇಳಿಸಬಾರದು, ಕ್ರೀಡಾ ವೈದ್ಯರೆಲ್ಲ ಒಪ್ಪಿರೋ ಮಾತು ಇದು. ಕ್ರಿಕೆಟಲ್ಲಿ ಇದಕ್ಕೇ ಅಂತ 2019ರ ಆಗಸ್ಟಿಂದ ಬದಲಿ ಆಟಗಾರನ ನಿಯಮ ತಂದ್ರು, ಆ ತಿಂಗಳೇ ಲಾರ್ಡ್ಸಲ್ಲಿ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಬದಲು ಲಬುಶೇನ್ ಬ್ಯಾಟ್ ಮಾಡಿದ. ಸ್ಮಿತ್ ಅಂಥವನನ್ನೇ ಕೂರಿಸ್ತಾರೆ ಅಂದ್ರೆ ನಿನ್ನನ್ನ ಕೂರಿಸಬೇಕಿತ್ತು, ಆ ಹೊತ್ತಲ್ಲಿ ತೀರ್ಮಾನ ತಗೊಳ್ಳೋ ಸ್ಥಿತಿಯಲ್ಲಿ ನೀನಿರಲಿಲ್ಲ, ತೀರ್ಮಾನ ತಗೋಬೇಕಾದ ಮಿದುಳಿಗೇ ಪೆಟ್ಟಾಗಿತ್ತು, ಕೋರ್ಟ್ ಪಕ್ಕ ನಿಂತಿದ್ದ ದೊಡ್ಡೋರ ಕೆಲಸ ಅದು. ನಾನು ನೋಡಿರೋ ಊರ ಪಂದ್ಯಾವಳಿಗಳಲ್ಲಿ ಸ್ಪ್ರೇ ಇರುತ್ತೆ, ಐಸ್ ಇರುತ್ತೆ, ಶಾಲು ಹೊದಿಸೋ ಗಣ್ಯರಿರ್ತಾರೆ, ಡಾಕ್ಟರ್ ಇರಲ್ಲ. ಇದು ನಂಗೆ ತುಂಬಾ ಬೇಜಾರಿನ ವಿಷಯ.

ಅಪ್ಪನ್ನ ಕರೆಸಿದ್ದು ಮೂರನೇ ಸಲ. ಪಾಪ ಸಿಟಿ ಸ್ಕ್ಯಾನ್ ಕವರ್ ಕಂಕುಳಲ್ಲಿಟ್ಕೊಂಡೇ ಬಂದ್ರು, ಸಾಲ ಮಾಡಿ ತೆಗೆಸಿದ್ದು. "ಮೇಡಮ್ಮೋರೆ, ಸ್ಕ್ಯಾನಿಂಗಲ್ಲಿ ಏನೂ ಇಲ್ಲ ಅಂತ ಬಂದದೆ, ಮತ್ತೆ ಆಡಬ್ಯಾಡ ಅಂದ್ರೆ ಎಂಗೆ" ಅಂತ ಕೇಳಿದ್ರು, ನ್ಯಾಯವಾದ ಪ್ರಶ್ನೆ. ನಾನು ಅವರ ಅಟ್ಟದ ಕಾಯಿ ಬಗ್ಗೆ ಕೇಳಿದೆ. ಯಜಮಾನ್ರೇ, ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿ ಅಲ್ಲಾಡಿಸಿದ್ರೆ ಒಳಗಡೆ ಕೊಬ್ಬರಿ ಗುಡುಗುಡು ಅನ್ನುತ್ತಲ್ಲ, ಚಿಪ್ಪು ಒಡೆದಿರುತ್ತಾ? ಇಲ್ಲ ಅಂದ್ರು. ಮಿದುಳು ಕೊಬ್ಬರಿ ಹಾಗೆ ಗಟ್ಟಿ ಅಲ್ಲ, ಗಟ್ಟಿ ಮೊಸರಿನ ಹಾಗೆ ಮೆತ್ತಗಿರುತ್ತೆ, ಬುರುಡೆ ನೆಟ್ಟಗಿದ್ರೂ ಒಳಗೆ ಅದು ಕುಲುಕಿ ನರಗಳು ಕೆಲಸ ಮಾಡೋ ರೀತಿ ಕೆಡುತ್ತೆ. ಸಿಟಿ ಸ್ಕ್ಯಾನ್ ನೋಡೋದು ರಕ್ತ ಸೋರಿದೆಯಾ, ಮೂಳೆ ಬಿರುಕು ಬಿಟ್ಟಿದೆಯಾ ಅಂತ, ಕನ್ಕಶನ್ ಅದರಲ್ಲಿ ಸಾಮಾನ್ಯವಾಗಿ ಕಾಣೋದೇ ಇಲ್ಲ. ಸಿಡುಕು, ಮರೆವು, ನಿದ್ದೆ ಕೆಡೋದು, ಬೆಳಕು ಕಂಡ್ರೆ ಆಗದೇ ಇರೋದು, ಇವೆಲ್ಲ ಅದೇ ಪೆಟ್ಟಿನ ಗುಣ, ಹುಡುಗ ಕೆಟ್ಟುಹೋಗಿರೋದಲ್ಲ. ಅವರು ಕವರ್ ಕೆಳಗಿಟ್ಟು "ನಾವು ಸೋಮಾರಿ ಅಂತ ಬೈತಿದ್ವಲ್ಲ" ಅಂದ್ರು.

ಹಾಗೆ ಬೈಯೋಕೆ ಶುರು ಮಾಡೋ ಮುಂಚೆ ಮನೆಯವರು ಇನ್ನೊಂದು ಮಾಡಿದ್ರು, ಯಾರೋ ಹೇಳಿದ್ರು ಅಂತ ತಿಂಗಳುಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸಿದ್ರು. ಇದು ಹಳೇ ಪದ್ಧತಿ. ಈಗ ಹೇಳೋದು ಮೊದಲ 24ರಿಂದ 48 ಗಂಟೆ ಆರಾಮಾಗಿರು, ಮೊಬೈಲ್ ಟಿವಿ ಕಮ್ಮಿ ಮಾಡು, ಆಮೇಲೆ ನಿಧಾನಕ್ಕೆ ನಡೆದಾಡೋಕೆ ಶುರು ಮಾಡು ಅಂತ. ಡಾಕ್ಟರನ್ನ ಕೇಳ್ಕೊಂಡು ಬೆಳಗ್ಗೆ ಬಿಸಿಲೇರೋ ಮುಂಚೆ ತೋಟದವರೆಗೆ ನಡಿಗೆ ಶುರು ಮಾಡಿಸಿದೆ, ತಲೆನೋವು ಸ್ವಲ್ಪಕ್ಕಿಂತ ಜಾಸ್ತಿ ಆದ್ರೆ ನಿಲ್ಲಿಸೋದು, ಮಾರನೇ ದಿನ ಅಷ್ಟೇ ದೂರ ಹೋಗೋದು. ಬೈಕ್ ಡಾಕ್ಟರ್ ಹೇಳೋವರೆಗೂ ಬೇಡ, ಕುಡಿಯೋದು ಬೇಡವೇ ಬೇಡ. ವಿಡಿಯೋ ಅಳಿಸು ಅನ್ನಲಿಲ್ಲ, ಮಾವನ ಫೋನಿಗೆ ಕಳಿಸಿ ನಿನ್ನ ಫೋನಿಂದ ತೆಗಿ, ನೋಡ್ಬೇಕು ಅನ್ಸಿದ್ರೆ ಹಗಲಲ್ಲಿ ಅವರ ಹತ್ರ ಕೇಳು ಅಂದೆ.

ಸಾಯೋ ಯೋಚನೆ ಬಂದಿದೆಯಾ ಅಂತ ನಾನು ನೇರವಾಗೇ ಕೇಳ್ತೀನಿ, ಸುತ್ತಿ ಬಳಸಿ ಕೇಳಲ್ಲ. ಕೇಳಿದ್ರೆ ಇಲ್ಲದ ಯೋಚನೆ ಬರುತ್ತೆ ಅನ್ನೋದು ಸುಳ್ಳು. ಇವನು ಹೌದು ಅಂದ. ಆವತ್ತೇ ಅವನ ಒಪ್ಪಿಗೆ ತಗೊಂಡು ಮಾವನಿಗೆ ತಿಳಿಸಿದೆ, ರಾತ್ರಿ ಒಬ್ಬನನ್ನೇ ಬಿಡಬಾರದು, ತೋಟದ ಔಷಧಿ ಡಬ್ಬಗಳು ಬೀಗದಲ್ಲಿರಬೇಕು ಅಂತ ಮಾಡಿದ್ವಿ, ಸೈಕಿಯಾಟ್ರಿಸ್ಟ್ ಹತ್ರ ಕಳಿಸಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಮನೇಲಿ ಎಲ್ಲರ ಫೋನಲ್ಲೂ ಸೇವ್ ಮಾಡಿಸಿದೆ, ಅದರಲ್ಲಿ ಕನ್ನಡದಲ್ಲೇ ಮಾತಾಡಬಹುದು. ತಲೆಗೆ ಪೆಟ್ಟು ಬಿದ್ದೋರಲ್ಲಿ ಈ ಅಪಾಯ ಜಾಸ್ತಿ ಅಂತ ಸಂಶೋಧನೆಗಳಲ್ಲಿ ಕಂಡಿದೆ, ಅದಕ್ಕೆ ಸಿಗಬೇಕಿದ್ದ ಕೆಲಸ ಕೈತಪ್ಪಿದ ದುಃಖ, ಆಟ ಹೋದ ದುಃಖ ಸೇರಿದ್ರೆ ಕೇಳದೇ ಬಿಡೋದು ತಪ್ಪು.

ಆ ಯೋಚನೆ ಎಲ್ಲಿಂದ ಶುರುವಾಯ್ತು ಅಂತ ಬಿಡಿಸ್ತಾ ಹೋದಾಗ ಗೊತ್ತಾಯ್ತು, ರಾತ್ರಿ ಗೂಗಲ್‌ನಲ್ಲಿ ಸಿಟಿಇ ಬಗ್ಗೆ ಓದಿದ್ದ, ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದೋರ ಮಿದುಳು ವರ್ಷಗಳು ಕಳೆದಂತೆ ಸವೆಯೋ ಕಾಯಿಲೆ. ಅಮೆರಿಕನ್ ಫುಟ್‌ಬಾಲ್ ಆಡಿದ ಮೈಕ್ ವೆಬ್‌ಸ್ಟರ್ 2002ರಲ್ಲಿ ತೀರಿಹೋದ ಮೇಲೆ ಡಾಕ್ಟರ್ ಬೆನೆಟ್ ಒಮಾಲು ಆ ಆಟಗಾರನ ಮಿದುಳಲ್ಲಿ ಕಂಡುಹಿಡಿದ ಕಾಯಿಲೆ ಅದು. 2017ರಲ್ಲಿ ಬಂದ ಅಧ್ಯಯನದಲ್ಲಿ ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಆಟಗಾರರ 111 ಮಿದುಳಲ್ಲಿ 110ರಲ್ಲಿ ಅದಿತ್ತು ಅಂತ ಓದಿ, ನಂಗೂ ಬಂದೇ ಬರುತ್ತೆ, ಅಪ್ಪ ಅಮ್ಮನ ಗುರುತು ಹಿಡಿಯಲ್ಲ ನಾನು ಅಂತ ತೀರ್ಮಾನ ಮಾಡ್ಕೊಂಡಿದ್ದ. ಆ ಮಿದುಳುಗಳು ಮನೆಯವರು ದಾನ ಕೊಟ್ಟವು, ಸುಮಾರು ಜನ ಬದುಕಿದ್ದಾಗಲೇ ಏನೋ ತೊಂದರೆ ಕಂಡಿದ್ದಕ್ಕೆ ಕೊಟ್ಟಿದ್ದು, ಹಾಗಾಗಿ ಆಡಿದೋರಿಗೆಲ್ಲ ಬರುತ್ತೆ ಅಂತ ಅದನ್ನ ಓದಬಾರದು. ಅವರು ವರ್ಷಾನುಗಟ್ಟಲೆ ತಲೆ ಕೊಟ್ಟು ಆಡಿದೋರು. ಸಿಟಿಇ ಇದೆ ಅಂತ ಖಚಿತವಾಗಿ ಹೇಳೋಕೆ ಆಗೋದೇ ಸತ್ತ ಮೇಲೆ, ನಿನಗಿದೆ ಅಂತ ಯಾರೂ ಹೇಳೋಕಾಗಲ್ಲ. ಇನ್ನು ಮೇಲೆ ಪೆಟ್ಟು ಬೀಳದ ಹಾಗೆ ನೋಡ್ಕೊಳ್ಳೋದು ಮಾತ್ರ ನಿನ್ನ ಕೈಲಿದೆ, ಆಟ ಬಿಡೋದಂದ್ರೆ ಅದೇ ಕಣಪ್ಪ ಅಂದೆ.

ಇಷ್ಟಾದ್ರೂ ಟ್ರಯಲ್ಸ್ ವಿಷಯ ಬಿಡಲಿಲ್ಲ. ಎರಡು ತಿಂಗಳಲ್ಲಿ ಒಂದು ಇಲಾಖೆಯ ಸ್ಪೋರ್ಟ್ಸ್ ಕೋಟಾ ಟ್ರಯಲ್ಸ್ ಇತ್ತು. "ಅದೊಂದು ಆಡ್ತೀನಿ ಮೇಡಂ, ಕೆಲಸ ಸಿಕ್ಕಿದ ಮೇಲೆ ಬಿಟ್ಬಿಡ್ತೀನಿ." ನಿಜ ಹೇಳ್ಬೇಕಂದ್ರೆ ನನಗೆ ತುಂಬಾ ಕಷ್ಟ ಆಗಿದ್ದು ಈ ಮಾತಿಗೆ ಉತ್ತರ ಕೊಡೋದು, ಯಾಕಂದ್ರೆ ಆ ಮನೆಗೆ ಆ ಸಂಬಳ ಅಂದ್ರೇನು ಅಂತ ನಂಗೆ ಗೊತ್ತಿತ್ತು. ಒಂದು ಹಾಳೆ ಕೊಟ್ಟು, ಕೆಲಸ ಸಿಕ್ಕಿದ ಮರುದಿನ ಏನಾಗುತ್ತೆ ಬರಿ ಅಂದೆ. ಬರೀತಾ ಬರೀತಾ ಅವನಿಗೇ ಹೊಳೀತು, ಕೋಟಾದಲ್ಲಿ ತಗೊಂಡೋರು ಇಲಾಖೆ ಟೀಮಿಗೆ ಆಡು ಅಂತಾರೆ, ಟ್ರಯಲ್ಸ್ ಒಂದಕ್ಕೆ ಮುಗಿಯೋ ಮಾತೇ ಅಲ್ಲ. ನಾನು ನನ್ನ ಅಭಿಪ್ರಾಯ ಮುಚ್ಚಿಡಲಿಲ್ಲ, ಹೋಗಬೇಡ, ಹೋಗೋದೇ ಆದ್ರೆ ನ್ಯೂರಾಲಜಿಸ್ಟ್ ಚೀಟಿಯನ್ನ ಅಲ್ಲಿ ತೋರಿಸಿ ಆಡು ಅಂದೆ. ತೋರಿಸಿದ್ರೆ ಆಡಿಸಲ್ಲ ಅಂತ ಅವನಿಗೂ ಗೊತ್ತಿತ್ತು.

ಅವನು ಕ್ರಿಕೆಟ್ ನೋಡೋನು, ಅದಕ್ಕೆ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ವಿಲ್ ಪುಕೋವ್ಸ್ಕಿ ಹೆಸರು ತೆಗೆದೆ. 2021ರ ಜನವರಿಯಲ್ಲಿ, ವಿಹಾರಿ ಅಶ್ವಿನ್ ಬಂಡೆ ಥರ ನಿಂತು ಡ್ರಾ ಮಾಡಿದ ಸಿಡ್ನಿ ಟೆಸ್ಟಲ್ಲಿ, ಮೊದಲ ಟೆಸ್ಟ್ ಆಡ್ತಾ 62 ಹೊಡೆದವನು. ಅದೇ ಅವನ ಕೊನೇ ಟೆಸ್ಟೂ ಆಯ್ತು, ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದು 2025ರಲ್ಲಿ 27ನೇ ವಯಸ್ಸಿಗೆ ಆಟ ಬಿಟ್ಟ. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ರಯಾನ್ ಮೇಸನ್ 2017ರಲ್ಲಿ ತಲೆಗೆ ತಲೆ ಬಡಿದು ಬುರುಡೆ ಒಡ್ಕೊಂಡು ಮರುವರ್ಷ 26ಕ್ಕೇ ಬಿಟ್ಟ, 29ಕ್ಕೆ ಟಾಟನ್‌ಹ್ಯಾಮ್‌ಗೆ ಹಂಗಾಮಿ ಮ್ಯಾನೇಜರ್ ಆದ. ಪುಕೋವ್ಸ್ಕಿ ವಿಷಯ ಕೇಳಿ "ಅವನನ್ನ ಯಾರಾದ್ರೂ ಹೆದರುಪುಕ್ಕಲ ಅಂದ್ರಾ" ಅಂತ ಕೇಳಿದ. ಅವನ ಮನಸಲ್ಲಿದ್ದ ನೋವು ಅದೇ, ಊರಲ್ಲಿ ಯಾರೋ ಹಾಗಂದಿದ್ರು.

ಅದಕ್ಕೆ ಮಾವನ ಸಹಾಯ ತಗೊಂಡೆ. ತೀರ್ಮಾನ ಅವನದೇ ಆಗಿರಬೇಕು ಅಂತ ನಾವು ಆಪ್ತಸಲಹೆಯಲ್ಲಿ ಕಲಿತಿರೋದು, ಆದ್ರೆ ಊರಲ್ಲಿ ಅದನ್ನ ಇಪ್ಪತ್ತು ಜನಕ್ಕೆ ಇಪ್ಪತ್ತು ಸಲ ಒಪ್ಪಿಸೋ ಭಾರವೂ ಅವನ ಮೇಲೇ ಯಾಕೆ. ತೀರ್ಮಾನ ಅವನು ಮಾಡಿದ, ಹೇಳೋದನ್ನ ಮಾವ ವಹಿಸ್ಕೊಂಡ್ರು. ಯಾರೇ ಕೇಳಿದ್ರೂ ಒಂದೇ ಮಾತು, "ತಲೆಗೆ ಮೂರು ಸಲ ಪೆಟ್ಟಾಗಿದೆ, ಡಾಕ್ಟ್ರು ಬೇಡ ಅಂದ್ರು, ಮನೆಯವರೂ ಬೇಡ ಅಂದಿದೀವಿ." ಅಮ್ಮನಿಗೆ ಹೇಳಿದ್ದು, ಧೈರ್ಯ ತಗೋ ಅಂತ ದಿನಾ ಹೇಳಬೇಡಿ, ಅವನ ಕಿಟ್ ಬ್ಯಾಗ್ ಮುಟ್ಟಬೇಡಿ. ಅವರು ಒಳ್ಳೇದಕ್ಕೇ ಅಂತ ಜೆರ್ಸಿ, ಮೊಣಕಾಲಿನ ಕ್ಯಾಪ್ ಎಲ್ಲ ಒಗೆದು ಟ್ರಂಕಿಗೆ ಹಾಕಿದ್ರು, ಅದಕ್ಕೆ ಇವನು ಊಟದ ತಟ್ಟೆ ಎಸೆದಿದ್ದ. ಯಾವಾಗ ಎತ್ತಿಡ್ಬೇಕು ಅಂತ ಅವನಿಗೇ ಅನ್ಸಲಿ.

ಒಟ್ಟು ಒಂಬತ್ತು ತಿಂಗಳಲ್ಲಿ 16 ಸಲ ಬಂದಿದಾನೆ. ಟ್ರಯಲ್ಸ್‌ಗೆ ಹೋಗಲಿಲ್ಲ. ಪಿಟಿ ಮೇಷ್ಟ್ರಾಗೋಕೆ ಓದೋ ಬಿಪಿಎಡ್‌ಗೆ ಅರ್ಜಿ ಹಾಕಿದಾನೆ, ಅಲ್ಲೂ ಮೈಮುಟ್ಟೋ ಆಟದ ಪ್ರಾಕ್ಟಿಕಲ್ಸ್‌ನಿಂದ ವಿನಾಯಿತಿ ಸಿಗುತ್ತಾ ಅಂತ ವಿಚಾರಿಸ್ತಿದ್ವಿ. ನಿದ್ದೆ ಬರ್ತಿದೆ, ಸೈಕಿಯಾಟ್ರಿಸ್ಟ್ ಮಾತ್ರೆ ಕಮ್ಮಿ ಮಾಡ್ತಿದಾರೆ, ಬಸ್ಸಲ್ಲಿ ಕಿಟಕಿ ಪಕ್ಕ ಕೂತ್ರೆ ಇನ್ನೂ ತಲೆ ಸುತ್ತುತ್ತೆ. ಹೋದ ತಿಂಗಳು ಅವರ ಊರ ಪಂದ್ಯಾವಳಿಗೆ ಸ್ಕೋರ್ ಬರೆಯೋಕೆ ಕರೆದಿದ್ರಂತೆ, ಸಂಜೆವರೆಗಿನ ಮ್ಯಾಚುಗಳಿಗೆಲ್ಲ ಬರೆದುಕೊಟ್ಟು, ಫ್ಲಡ್‌ಲೈಟ್ ಹಾಕೋ ಹೊತ್ತಿಗೆ ಪೆನ್ನು ಇನ್ನೊಬ್ಬನ ಕೈಗೆ ಕೊಟ್ಟು ಮನೆಗೆ ಹೋದನಂತೆ. ಯಾಕೆ ಅಂತ ಯಾರೂ ಕೇಳಲಿಲ್ಲವಂತೆ, ಮಾವ ಮೊದಲೇ ಹೇಳಿಟ್ಟಿದ್ರು.