ಪ್ರತಿಕ್ರಿಯೆ: ತೆಗೆದ ಚಿತ್ರಗಳಲ್ಲಿ ಕ್ಷುದ್ರಗ್ರಹವೇ ಸಿಗುತ್ತಿಲ್ಲ

ಲೆಕ್ಕದ ಪ್ರಕಾರ ಇರಬೇಕಾದ ಜಾಗದಲ್ಲಿ ಕ್ಷುದ್ರಗ್ರಹ ಕಾಣುತ್ತಿಲ್ಲ ಅಂದರೆ, ಹೆಚ್ಚಾಗಿ ಇದು ಸಮಯದ ಗೊಂದಲ. ನೀವು ನ್ಯೂ ಮೆಕ್ಸಿಕೊದ ಬೇಸಿಗೆ ಶಿಬಿರದಲ್ಲಿ ರಾತ್ರಿ 11ಕ್ಕೆ ಚಿತ್ರ ತೆಗೆದೆ ಅಂದಿದ್ದೀರಿ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಯುಟಿಸಿಗಿಂತ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ) 6 ಗಂಟೆ ಹಿಂದೆ, ಅಂದರೆ ಯುಟಿಸಿಯಲ್ಲಿ ಅದು ಮರುದಿನ ಬೆಳಗ್ಗೆ 5. ಹೊರೈಜನ್ಸ್‌ನಲ್ಲಿ (ಆಕಾಶಕಾಯಗಳ ಸ್ಥಾನ ಹೇಳುವ ನಾಸಾದ ಆನ್‌ಲೈನ್ ಸೇವೆ) ಸುಮ್ನೆ ರಾತ್ರಿ 11 ಗಂಟೆ ಅಂತ ಕೊಟ್ಟಿದ್ದರೆ, ಅದನ್ನೇ ಯುಟಿಸಿ ಅಂತ ತಗೊಂಡು 6 ಗಂಟೆ ತಪ್ಪಾಗುತ್ತದೆ; ನಿಮಿಷಕ್ಕೆ 2 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಭಾಗ) ಓಡುವ ಕಾಯ ಅಷ್ಟರಲ್ಲಿ 12 ಆರ್ಕ್‌ಮಿನಿಟ್ (ಡಿಗ್ರಿಯ 60ರಲ್ಲಿ ಒಂದು ಭಾಗ) ಸರಿದಿರುತ್ತದೆ. ಚೌಕಟ್ಟಿನಿಂದ ಹೊರಗೇ ಹೋಗಿರಬಹುದು.

ಮೊದಲು ನಿಮ್ಮ ಚಿತ್ರದ ಫಿಟ್ಸ್ ಫೈಲಿನ (ಖಗೋಳ ಚಿತ್ರಗಳನ್ನು ಉಳಿಸುವ ಕಡತ) ಹೆಡರ್‌ನಲ್ಲಿ, ಅಂದರೆ ಅದರ ಆರಂಭದ ಮಾಹಿತಿ ಭಾಗದಲ್ಲಿ, ದಿನಾಂಕ, ಸಮಯ ನೋಡಿ. ಅದು ಯುಟಿಸಿಯೋ ಕಂಪ್ಯೂಟರಿನ ಗಡಿಯಾರವೋ ಅಂತ ಶಿಬಿರದ ಸಹಾಯಕರನ್ನು ಕೇಳಿಬಿಡಿ, ಊಹೆ ಬೇಡ. ಆಮೇಲೆ ಆ ಸಮಯಕ್ಕೆ ಹೊಸದಾಗಿ ಸ್ಥಾನ ತೆಗೆಯಿರಿ. ಜಾಗದ ಕಡೆ ಭೂಮಿಯ ಕೇಂದ್ರ ಬಿಟ್ಟು ನಿಮ್ಮ ವೀಕ್ಷಣಾಲಯವನ್ನೇ ಕೊಡಿ, ಯಾಕಂದ್ರೆ ಕಾಯ 0.1 ಖಗೋಳಮಾನ (ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರದ ಹತ್ತನೇ ಒಂದು ಭಾಗ) ದೂರದಲ್ಲಿದ್ದರೆ ಇದರಿಂದಲೇ 88 ಆರ್ಕ್‌ಸೆಕೆಂಡ್‌ವರೆಗೆ ತಪ್ಪಬಹುದು.

ಹೊಸ ಸ್ಥಾನ ಚೌಕಟ್ಟಿನೊಳಗೇ ಬಂತು ಅಂದ್ರೆ ನಕ್ಷತ್ರಗಳನ್ನು ಹೊಂದಿಸಿ ಮೊದಲ ಚಿತ್ರ, ಕೊನೆಯ ಚಿತ್ರ ಎರಡನ್ನೇ ಬದಲಿಸಿ ಬದಲಿಸಿ ನೋಡಿ. 2 ನಿಮಿಷದ ಅಂತರದಲ್ಲಿ ಚಲನೆ ಕಣ್ಣಿಗೆ ಬೀಳೋದು ಕಷ್ಟ, 20 ನಿಮಿಷ ಇರಲಿ. ಆಗಲೂ ಕಾಣದಿದ್ದರೆ ಕಾಯ ತೀರಾ ಮಸುಕಾಗಿರಬಹುದು, ಫೈಲ್ ನೋಡದೆ ಅದನ್ನು ನಾನು ಖಚಿತವಾಗಿ ಹೇಳಲಾರೆ.

ಸ್ಥಾನ ಹೊರಗೇ ಬಿತ್ತಾ? ಆ ರಾತ್ರಿಯ ಚಿತ್ರಗಳನ್ನು ಬಿಟ್ಟುಬಿಡಿ. ಕ್ಷುದ್ರಗ್ರಹದ ಕಕ್ಷೆ ಲೆಕ್ಕ ಹಾಕುವ ಗಾಸ್ ವಿಧಾನಕ್ಕೆ ಬೇಕಾದದ್ದು ಮೂರು ವೀಕ್ಷಣೆ, ಅವೂ ಕೆಲವು ದಿನ ಬಿಟ್ಟು ಬಿಟ್ಟು ತೆಗೆದಿದ್ದರೇ ಒಳ್ಳೆಯದು. ಇದನ್ನೆಲ್ಲ ಮಧ್ಯಾಹ್ನ ಮಾಡಿ. ರಾತ್ರಿ 2ಕ್ಕೆ ದೂರದರ್ಶಕ ಮುಚ್ಚಿ ಬಂದು ಲೆಕ್ಕಕ್ಕೆ ಕೂತರೆ ಕೂಡಿಸೋದೂ ಕಳೆಯೋದೂ ಅದಲು ಬದಲಾಗುತ್ತೆ, ನಮ್ಮ ತಂಡದ್ದು ಹಾಗೇ ಆಗಿತ್ತು.