ಪಾದ್ರಿಯೇ ಅಲ್ಲದ ಫೋಟಿಯಸ್ ಆರೇ ದಿನಗಳಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ಆದದ್ದು ಹೇಗೆ?

ಮೆಟ್ಟಿಲುಗಳನ್ನು ಹಾರಿಸಲಿಲ್ಲ, ದಿನಕ್ಕೊಂದರಂತೆ ಹತ್ತಿಸಿದರು. 858ರ ಡಿಸೆಂಬರ್ 20ರಂದು ಸನ್ಯಾಸದೀಕ್ಷೆ. ಮುಂದಿನ ನಾಲ್ಕು ದಿನ ವಾಚಕ, ಉಪಸೇವಕ, ಸೇವಕ, ಪಾದ್ರಿ. ಕ್ರಿಸ್ಮಸ್ ದಿನ ಪೇಟ್ರಿಯಾರ್ಕ್, ಅಂದರೆ ಆ ಚರ್ಚಿನ ಪರಮಾಧ್ಯಕ್ಷ.

ಇದು ಸಾಧ್ಯವಾದದ್ದು ಬೈಜಾಂಟಿಯಂ ಸಾಮ್ರಾಜ್ಯದಲ್ಲಿ ಆ ಪೀಠಕ್ಕೆ ಯಾರೆಂಬ ಪ್ರಶ್ನೆಯಲ್ಲಿ ಅರಮನೆಯ ಮಾತೇ ಕೊನೆಯದಾಗಿದ್ದರಿಂದ. ಪೇಟ್ರಿಯಾರ್ಕ್ ಇಗ್ನೇಷಿಯಸ್, ಚಕ್ರವರ್ತಿ ಮೂರನೇ ಮೈಕೇಲನ ಸೋದರಮಾವ ಬಾರ್ದಾಸ್‌ನ ವಿರೋಧ ಕಟ್ಟಿಕೊಂಡು ಪದಚ್ಯುತನಾಗಿದ್ದ. ಫೋಟಿಯಸ್ ಆಗ ಚಕ್ರವರ್ತಿಯ ಕಾರ್ಯದರ್ಶಿಗಳ ಮುಖ್ಯಸ್ಥ, ಕಾಲದ ಅತಿ ದೊಡ್ಡ ವಿದ್ವಾಂಸ. ಸುಮಾರು 280 ಅಧ್ಯಾಯಗಳ ಅವನ 'ಬಿಬ್ಲಿಯೊಥೆಕಾ' ಓದಿದ ಪುಸ್ತಕಗಳ ಸಾರ ಮತ್ತು ವಿಮರ್ಶೆ. ಆ ಪುಸ್ತಕಗಳಲ್ಲಿ ಎಷ್ಟೋ ಇಂದು ಕಳೆದುಹೋಗಿವೆ. ಅವುಗಳಲ್ಲಿ ಹಲವುಗಳ ಬಗ್ಗೆ ನಮಗೆ ಗೊತ್ತಿರುವುದು ಬಹುಪಾಲು ಅವನು ಬರೆದಿಟ್ಟಷ್ಟೇ. ನನ್ನ ಮಟ್ಟಿಗೆ ಅವನ ನಿಜವಾದ ಕೊಡುಗೆ ಇದೇ.

ತೊಡಕು ಎರಡು ಕಡೆ ಇತ್ತು. ಪ್ರತಿ ಹಂತದಲ್ಲೂ ಸಾಕಷ್ಟು ಕಾಲ ಸೇವೆ ಮಾಡಿರಬೇಕೆಂದು ನಾಲ್ಕನೇ ಶತಮಾನದ ಬಿಷಪ್‌ಗಳ ಸಾರ್ಡಿಕಾ ಸಭೆಯ ನಿಯಮ ಹೇಳುತ್ತಿತ್ತು. ಮೇಲಾಗಿ, ದೀಕ್ಷೆ ಕೊಟ್ಟ ಬಿಷಪ್ ಗ್ರೆಗರಿ ಆಸ್ಬೆಸ್ಟಾಸ್‌ನನ್ನು ಇಗ್ನೇಷಿಯಸ್ ಮೊದಲೇ ಶಿಕ್ಷಿಸಿದ್ದ. ಇವನ್ನೇ ಹಿಡಿದು ಪೋಪ್ ಮೊದಲನೇ ನಿಕೋಲಸ್ 863ರಲ್ಲಿ ನೇಮಕವನ್ನು ತಿರಸ್ಕರಿಸಿದ. ಫೋಟಿಯಸ್‌ನ ವಾದವೂ ಗಟ್ಟಿಯೇ: 784ರಲ್ಲಿ ತರಾಸಿಯಸ್, 806ರಲ್ಲಿ ನಿಕೆಫೋರಸ್ ಅಧಿಕಾರಿಗಳಾಗಿದ್ದೇ ಈ ಪೀಠಕ್ಕೆ ಬಂದವರು.

ಆದರೆ ಅರಮನೆ ಕೊಟ್ಟದ್ದನ್ನು ಅರಮನೆಯೇ ಕಿತ್ತುಕೊಂಡಿತು. 867ರಲ್ಲಿ ಮೈಕೇಲನನ್ನು ಕೊಲ್ಲಿಸಿ ಗದ್ದುಗೆ ಹಿಡಿದ ಮೊದಲನೇ ಬೇಸಿಲ್ ಫೋಟಿಯಸ್‌ನನ್ನು ಇಳಿಸಿದ. 877ರಲ್ಲಿ ಇಗ್ನೇಷಿಯಸ್ ತೀರಿಕೊಂಡ ಮೇಲೆ ಮತ್ತೆ ಕೂರಿಸಿದ. 886ರಲ್ಲಿ ಪಟ್ಟಕ್ಕೆ ಬಂದ ಆರನೇ ಲಿಯೋ ಮತ್ತೊಮ್ಮೆ ಇಳಿಸಿ, ತನ್ನ ತಮ್ಮ ಸ್ಟೀಫನ್‌ಗೆ ಆ ಪೀಠ ಕೊಟ್ಟ.